ಹಾರುವ ತಟ್ಟೆ, ಬಲೂನು ಮತ್ತು ಅಧಿಕೃತ ಮೌನ

2020ರ ಮೇ 20, ಬುಧವಾರ. ಲಾಕ್‌ಡೌನ್‌ನಿಂದಾಗಿ ಬೆಂಗಳೂರಿನ ರಸ್ತೆಗಳು ಇನ್ನೂ ಅರೆಬರೆ ಖಾಲಿಯಾಗಿದ್ದ ಕಾಲ. ಮಧ್ಯಾಹ್ನ ಒಂದೂಕಾಲರ ಆಸುಪಾಸಿನಲ್ಲಿ ವೈಟ್‌ಫೀಲ್ಡ್, ಮಾರತ್ತಹಳ್ಳಿ, ಸರ್ಜಾಪುರ, ಎಚ್‌ಎಸ್‌ಆರ್ ಬಡಾವಣೆ, ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿಗಳಲ್ಲಿ ಭಾರಿ ಸದ್ದೊಂದು ಕೇಳಿಸಿತು. ಕಿಟಕಿ ಬಾಗಿಲುಗಳು ಅದುರಿದವು. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಸಾವಿರಾರು ಮಂದಿ ಒಮ್ಮೆಲೇ ಬಾಲ್ಕನಿಗೆ ಬಂದು ಆಕಾಶ ನೋಡಿದರು. ಭೂಕಂಪವೇ? ಸ್ಫೋಟವೇ? ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತನ್ನ ಮಾಪಕಗಳಲ್ಲಿ ಕಂಪನ ದಾಖಲಾಗಿಲ್ಲ ಎಂದಿತು. ಪೊಲೀಸರು ಹುಡುಕಿದರೂ ಸ್ಫೋಟದ ಕುರುಹು ಎಲ್ಲಿಯೂ ಸಿಗಲಿಲ್ಲ. ಅಷ್ಟರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಅನ್ಯಗ್ರಹ ಜೀವಿಗಳು ಬೆಂಗಳೂರಿಗೆ ಬಂದಿಳಿದಾಗಿತ್ತು. ಹೆಚ್ಚಿನವರು ಅದನ್ನು ತಮಾಷೆಗೆ ಬರೆದರು. ಎಲ್ಲರೂ ತಮಾಷೆಗೆ ಓದಲಿಲ್ಲ.

ಸಂಜೆಯ ಹೊತ್ತಿಗೆ ರಕ್ಷಣಾ ಸಚಿವಾಲಯದ ಬೆಂಗಳೂರು ವಕ್ತಾರರ ಕಚೇರಿಯಿಂದ ವಿವರಣೆ ಬಂತು. ವಾಯುಪಡೆಯ ಪರೀಕ್ಷಾ ವಿಮಾನವೊಂದು ನಗರದ ಹೊರಗಿನ ನಿಗದಿತ ವಾಯುಪ್ರದೇಶದಲ್ಲಿ ಶಬ್ದಾತೀತ ವೇಗದಲ್ಲಿ ಹಾರಿತ್ತು. 36 ಸಾವಿರದಿಂದ 40 ಸಾವಿರ ಅಡಿ ಎತ್ತರದಲ್ಲಿ ಅದು ಶಬ್ದಕ್ಕಿಂತ ಕಡಿಮೆ ವೇಗಕ್ಕೆ ಇಳಿಯುವಾಗ ಹೊಮ್ಮಿದ ಆಘಾತ ತರಂಗವೇ ಆ ಸದ್ದು. ವಿಮಾನ 65ರಿಂದ 80 ಕಿ.ಮೀ. ದೂರದಲ್ಲಿದ್ದರೂ ಇಂಥ ಸದ್ದು ಕೇಳಿಸಬಲ್ಲದು. ವಿವರಣೆ ಸರಿಯಾಗಿಯೇ ಇತ್ತು. ಆದರೆ ನಡುವೆ ಹಲವು ಗಂಟೆಗಳು ಕಳೆದಿದ್ದವು.

ಆಕಾಶದ ನಿಗೂಢಗಳ ಚರಿತ್ರೆಯೆಂದರೆ ಬಹುಪಾಲು ಈ ನಡುವಿನ ಗಂಟೆಗಳ ಚರಿತ್ರೆ. ಕೆಲವು ಪ್ರಕರಣಗಳಲ್ಲಿ ಆ ಗಂಟೆಗಳು ದಶಕಗಳಾಗಿ ಬೆಳೆದಿವೆ. ಜಗತ್ತಿನ ಅತಿ ಪ್ರಸಿದ್ಧ 'ಹಾರುವ ತಟ್ಟೆ' ಪ್ರಕರಣವಾದ ರಾಸ್‌ವೆಲ್‌ನಲ್ಲಿ ಅದು 47 ವರ್ಷ.

ಕುರಿಗಾರನಿಗೆ ಸಿಕ್ಕ ಬೇಗಡೆ

1947ರ ಜೂನ್ ತಿಂಗಳಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ರಾಸ್‌ವೆಲ್ ಪಟ್ಟಣದಿಂದ ನೂರಕ್ಕೂ ಹೆಚ್ಚು ಕಿ.ಮೀ. ದೂರದ ಕುರಿ ಹುಲ್ಲುಗಾವಲಿನಲ್ಲಿ ವಿಲಿಯಂ ಬ್ರೇಜಲ್ ಎಂಬ ಮೇಲ್ವಿಚಾರಕನಿಗೆ ವಿಚಿತ್ರ ಅವಶೇಷಗಳು ಕಂಡವು. ರಬ್ಬರಿನ ಚೂರು, ಬೆಳ್ಳಿಯ ಬಣ್ಣದ ಬೇಗಡೆ, ಗಟ್ಟಿ ಕಾಗದ, ತೆಳುವಾದ ಕಡ್ಡಿ, ಹೂವಿನ ಚಿತ್ತಾರವಿದ್ದ ಅಂಟುಪಟ್ಟಿ. ಆತ ಅದನ್ನು ಕೆಲವು ದಿನ ಅಲ್ಲೇ ಬಿಟ್ಟ. ಜೂನ್ 24ರಂದು ಕೆನೆತ್ ಅರ್ನಾಲ್ಡ್ ಎಂಬ ಖಾಸಗಿ ವೈಮಾನಿಕ ವಾಷಿಂಗ್ಟನ್ ರಾಜ್ಯದಲ್ಲಿ ಒಂಬತ್ತು ಹೊಳೆಯುವ ವಸ್ತುಗಳು ಹಾರಿದ್ದನ್ನು ಕಂಡೆನೆಂದು ಹೇಳಿದ ಮೇಲೆ 'ಹಾರುವ ತಟ್ಟೆ' ಎಂಬ ಮಾತು ದೇಶವಿಡೀ ಹಬ್ಬಿತು. ಬ್ರೇಜಲ್ ತನಗೆ ಸಿಕ್ಕದ್ದನ್ನು ಅಧಿಕಾರಿಗಳಿಗೆ ತಿಳಿಸಿದ್ದು ಆಮೇಲೆಯೇ.

ಜುಲೈ 8ರಂದು ರಾಸ್‌ವೆಲ್ ವಾಯುನೆಲೆ ಅಧಿಕೃತ ಪ್ರಕಟಣೆ ಹೊರಡಿಸಿ, ತಟ್ಟೆಯೊಂದು ತನ್ನ ವಶದಲ್ಲಿದೆ ಎಂದಿತು. ಮೇಲಧಿಕಾರಿ ಬ್ರಿಗೇಡಿಯರ್ ಜನರಲ್ ರೋಜರ್ ರೇಮಿ ಕೆಲವೇ ಗಂಟೆಗಳಲ್ಲಿ ಅದನ್ನು ಅಲ್ಲಗಳೆದು, ಅದು ಬರೀ ಹವಾಮಾನ ಬಲೂನು ಎಂದರು. ಪತ್ರಿಕೆಗಳು ಒಪ್ಪಿದವು. ಪ್ರಕರಣ ಮೂರು ದಶಕ ಮಲಗಿತು.

ಅದು ಬಲೂನೇ ಆಗಿತ್ತು, ಹವಾಮಾನದ್ದಲ್ಲ. ಅಮೆರಿಕ ಆಗ 'ಮೊಗಲ್' ಎಂಬ ಅತಿ ಗೋಪ್ಯ ಯೋಜನೆಯಲ್ಲಿ ತೊಡಗಿತ್ತು. ಸಮುದ್ರದಾಳದಲ್ಲಿ ಶಬ್ದವನ್ನು ಬಹುದೂರ ಒಯ್ಯುವ ಪದರವಿದ್ದಂತೆ ವಾತಾವರಣದ ಮೇಲುಸ್ತರದಲ್ಲೂ ಇದೆ ಎಂಬುದು ವಿಜ್ಞಾನಿ ಮಾರಿಸ್ ಯೂಯಿಂಗ್ ಅವರ ತರ್ಕ. ಅಲ್ಲಿ ಧ್ವನಿಗ್ರಾಹಿಗಳನ್ನು ತೇಲಿಬಿಟ್ಟರೆ ಸೋವಿಯತ್ ನೆಲದ ಅಣ್ವಸ್ತ್ರ ಪರೀಕ್ಷೆಯ ಸದ್ದನ್ನು ಅಮೆರಿಕದಲ್ಲಿ ಕುಳಿತೇ ಹಿಡಿಯಬಹುದು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡ ಅಲಮೊಗಾರ್ಡೊದಿಂದ ಇಂಥ ಬಲೂನುಗಳನ್ನು ಹಾರಿಸುತ್ತಿತ್ತು. ಇಪ್ಪತ್ತಕ್ಕೂ ಹೆಚ್ಚು ರಬ್ಬರ್ ಬಲೂನುಗಳನ್ನು ಒಂದರ ಕೆಳಗೊಂದು ಕಟ್ಟಿದ, ಸುಮಾರು 200 ಮೀಟರ್ ಉದ್ದದ ಸಾಲು ಅದು. ರಾಡಾರ್‌ಗೆ ಕಾಣಿಸಲೆಂದು ಅದಕ್ಕೆ ಬೇಗಡೆ ಕಾಗದದ ಪ್ರತಿಫಲಕಗಳನ್ನು ತೂಗುಹಾಕುತ್ತಿದ್ದರು. ಯುದ್ಧಕಾಲದಲ್ಲಿ ಆ ಪ್ರತಿಫಲಕಗಳನ್ನು ತಯಾರಿಸಿದ ಗುತ್ತಿಗೆದಾರರು ಆಟಿಕೆ ವ್ಯಾಪಾರದವರು. ಕೈಗೆ ಸಿಕ್ಕ ಹೂಚಿತ್ತಾರದ ಅಂಟುಪಟ್ಟಿಯನ್ನೇ ಬಳಸಿದ್ದರು ಎನ್ನುವುದು ತಂಡದಲ್ಲಿದ್ದ ಚಾರ್ಲ್ಸ್ ಮೂರ್ ಅವರ ನೆನಪು. ಮುಂದೆ ಲಕ್ಷಾಂತರ ಮಂದಿ 'ಅನ್ಯಗ್ರಹದ ಲಿಪಿ' ಎಂದು ನಂಬಿದ್ದು ಈ ಹೂಗಳನ್ನೇ!

ಬಲೂನು ಹಾರಿಸುತ್ತಿದ್ದ ವಿಶ್ವವಿದ್ಯಾಲಯದವರಿಗೂ ಯೋಜನೆಯ ಹೆಸರು ತಿಳಿದಿರಲಿಲ್ಲ. ಜಗತ್ತಿನ ಏಕೈಕ ಅಣುಬಾಂಬ್ ದಳವಿದ್ದ ರಾಸ್‌ವೆಲ್ ನೆಲೆಗೂ ತಿಳಿದಿರಲಿಲ್ಲ. ಹೀಗಾಗಿ ನೆಲೆಯ ಅಧಿಕಾರಿಗಳು ತಮ್ಮದೇ ದೇಶದ ಸಾಮಾನನ್ನು ಗುರುತಿಸಲಾರದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಗೋಪ್ಯತೆ ಶತ್ರುವಿನ ಕಣ್ಣಿಗೆ ಮಣ್ಣೆರಚುವ ಮೊದಲು ಸ್ವಂತದವರ ಕಣ್ಣಿಗೇ ಎರಚಿತ್ತು. ವಿಪರ್ಯಾಸವೆಂದರೆ 1949ರ ಆಗಸ್ಟ್ 29ರಂದು ಸೋವಿಯತ್ ಒಕ್ಕೂಟ ಮೊದಲ ಅಣ್ವಸ್ತ್ರ ಪರೀಕ್ಷಿಸಿದಾಗ ಅಮೆರಿಕಕ್ಕೆ ಸುಳಿವು ಸಿಕ್ಕಿದ್ದು ವಿಮಾನಗಳು ಗಾಳಿಯಿಂದ ಸೋಸಿ ತಂದ ವಿಕಿರಣಶೀಲ ಕಣಗಳಿಂದ, ಬಲೂನುಗಳಿಂದಲ್ಲ.

1978ರಲ್ಲಿ ನಿವೃತ್ತ ಅಧಿಕಾರಿ ಜೆಸ್ಸಿ ಮಾರ್ಸೆಲ್ ಆ ಅವಶೇಷ ಈ ಲೋಕದ್ದಲ್ಲ ಎಂಬರ್ಥದಲ್ಲಿ ಮಾತನಾಡಿದರು. 1980ರಲ್ಲಿ ಪುಸ್ತಕ ಬಂತು, ಆಮೇಲೆ ಸಿನಿಮಾ, ವಸ್ತುಸಂಗ್ರಹಾಲಯ, ಉತ್ಸವ. ನ್ಯೂ ಮೆಕ್ಸಿಕೊದ ಸಂಸದ ಸ್ಟೀವನ್ ಶಿಫ್ ಒತ್ತಾಯಿಸಿದ ಮೇಲಷ್ಟೇ ಸರ್ಕಾರದ ಕಡತಗಳು ಹೊರಬಂದವು. ಮೊಗಲ್ ಯೋಜನೆಯನ್ನು ವಾಯುಪಡೆ ಹೆಸರಿಸಿದ್ದು 1994ರ ವರದಿಯಲ್ಲಿ. ಮರುವರ್ಷ ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ ಮತ್ತೊಂದು ಸಂಗತಿ ಹೊರಗೆಡಹಿತು: 1946ರ ಅಕ್ಟೋಬರ್‌ನಿಂದ 1949ರ ಡಿಸೆಂಬರ್‌ವರೆಗೆ ರಾಸ್‌ವೆಲ್ ನೆಲೆಯಿಂದ ಹೊರಹೋದ ಸಂದೇಶಗಳ ಕಡತ ನಾಶವಾಗಿತ್ತು, ನಾಶಪಡಿಸಿದ್ದಕ್ಕೆ ಅಧಿಕಾರ ಕೊಟ್ಟವರು ಯಾರೆಂಬ ದಾಖಲೆಯೂ ಇರಲಿಲ್ಲ. ಕಡತ ವಿಲೇವಾರಿಯ ಸಾಮಾನ್ಯ ನಿರ್ಲಕ್ಷ್ಯವಿದು ಎಂದು ಸರ್ಕಾರಿ ಕಚೇರಿಗಳನ್ನು ಬಲ್ಲ ಯಾರಾದರೂ ಊಹಿಸಬಹುದು. ಆದರೆ ಸಂಶಯಕ್ಕೆ ಇದಕ್ಕಿಂತ ಒಳ್ಳೆಯ ಗೊಬ್ಬರ ಬೇಕೆ?

ಬಲೂನು ವಾದದಲ್ಲೂ ತೂತುಗಳಿಲ್ಲದಿಲ್ಲ. 1947ರ ಜೂನ್ 4ರ ನಾಲ್ಕನೆಯ ಹಾರಾಟವೇ ಬ್ರೇಜಲ್‌ನ ಹುಲ್ಲುಗಾವಲಿಗೆ ಬಿತ್ತೆಂಬುದು ಮೂರ್ ಅವರ ಲೆಕ್ಕಾಚಾರ. ಯೋಜನೆಯ ವಿಜ್ಞಾನಿ ಆಲ್ಬರ್ಟ್ ಕ್ರೇರಿಯ ದಿನಚರಿಯಲ್ಲಿ ಆ ದಿನ ಮೋಡದ ಕಾರಣ ಹಾರಾಟ ನಡೆಯಲಿಲ್ಲವೆಂಬ ಮಾತೂ ಇದೆ, ಅದರ ಬೆನ್ನಿಗೇ ಬಲೂನು ಗೊಂಚಲಿನಲ್ಲಿ ಧ್ವನಿಗ್ರಾಹಿ ಕಳುಹಿಸಿದ ಮಾತೂ ಇದೆ. ಸಂದೇಹವಾದಿಗಳು ಮೊದಲ ಸಾಲನ್ನು ಹಿಡಿದು ಇಂದಿಗೂ ಜಗ್ಗುತ್ತಾರೆ. ಹೀಗಿದ್ದೂ ಬೇಗಡೆ, ರಬ್ಬರು, ಕಡ್ಡಿ, ಅಂಟುಪಟ್ಟಿ ಇವು ನಾಲ್ಕೂ ಆ ಕಾಲದ ಬಲೂನು ಸಾಮಗ್ರಿಗೆ ತಾಳೆಯಾಗುತ್ತವೆ. ನಕ್ಷತ್ರಗಳ ನಡುವೆ ಪಯಣಿಸುವ ನೌಕೆಯನ್ನು ಕಡ್ಡಿ ಮತ್ತು ಕಾಗದದಿಂದ ಕಟ್ಟುವವರು ಯಾರು? 1997ರಲ್ಲಿ ವಾಯುಪಡೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಜನ ಕಂಡೆವೆಂದ 'ಶವಗಳು' ಪ್ಯಾರಾಚೂಟ್ ಪರೀಕ್ಷೆಯ ಗೊಂಬೆಗಳು ಎಂದಿತು. ಆ ಗೊಂಬೆಗಳನ್ನು ಎತ್ತರದ ಬಲೂನುಗಳಿಂದ ಬೀಳಿಸಿದ್ದು 1950ರ ದಶಕದಲ್ಲಿ. 1947ರ ಘಟನೆಗೆ ಅದನ್ನು ತಳುಕು ಹಾಕಲು ಸಾಕ್ಷಿಗಳ ನೆನಪು ಕಲಸಿಹೋಗಿದೆ ಎನ್ನಬೇಕಾಯಿತು. ಒಳ್ಳೆಯ ವಿವರಣೆಯನ್ನು ಅತಿಯಾಗಿ ಎಳೆದು ಸರ್ಕಾರವೇ ದುರ್ಬಲಗೊಳಿಸಿಕೊಂಡ ಉದಾಹರಣೆ ಇದು.

ಮೌನದ ಬೆಲೆ

ಬಲೂನಿನ ಬಗೆಗಿನ ಮೌನ ಜೀವಕ್ಕೇ ಎರವಾದದ್ದೂ ಉಂಟು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944ರ ನವೆಂಬರ್‌ನಿಂದ 1945ರ ಏಪ್ರಿಲ್‌ವರೆಗೆ, ಜಪಾನ್ 9 ಸಾವಿರಕ್ಕೂ ಹೆಚ್ಚು ಬಾಂಬ್ ಹೊತ್ತ ಕಾಗದದ ಬಲೂನುಗಳನ್ನು ಪೆಸಿಫಿಕ್ ಸಾಗರದಾಚೆ ತೇಲಿಬಿಟ್ಟಿತು. ಶತ್ರುವಿಗೆ ಫಲಿತಾಂಶ ತಿಳಿಯಬಾರದೆಂದು ಅಮೆರಿಕ ಸುದ್ದಿಯನ್ನು ತಡೆಹಿಡಿಯಿತು. 1945ರ ಮೇ 5ರಂದು ಆರೆಗಾನ್ ರಾಜ್ಯದ ಬ್ಲೈ ಎಂಬಲ್ಲಿ ವನಭೋಜನಕ್ಕೆ ಹೋದವರಿಗೆ ಕಾಡಿನಲ್ಲಿ ವಿಚಿತ್ರ ವಸ್ತು ಕಂಡಿತು. ಅದೇನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಗರ್ಭಿಣಿಯೊಬ್ಬರು ಮತ್ತು ಐವರು ಮಕ್ಕಳು ಸತ್ತರು. ಆ ತಿಂಗಳೊಳಗೇ ಸರ್ಕಾರ ಮೌನ ಮುರಿದು ಜನರಿಗೆ ಎಚ್ಚರಿಕೆ ಕೊಟ್ಟಿತು.

ಅವಶೇಷ ಏನೆಂದು ತಿಳಿಸುವುದು ಕೇವಲ ಮೂಢನಂಬಿಕೆ ನಿವಾರಣೆಯ ಕೆಲಸವಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಬಿದ್ದ ವಸ್ತುವಿನಲ್ಲಿ ಅಧಿಕ ವೋಲ್ಟೇಜಿನ ವಿದ್ಯುತ್ ಉಪಕರಣವಿರಬಹುದು, ಬಲೂನಿನ ಚೀಲದಲ್ಲಿ ಉಳಿದ ಜಲಜನಕ ಹೊತ್ತಿಕೊಳ್ಳಬಹುದು. ಅದನ್ನು ಮೊದಲು ಮುಟ್ಟುವುದು ಪೊಲೀಸರಲ್ಲ, ಹತ್ತಿರದಲ್ಲಿ ಆಡುತ್ತಿರುವ ಮಗು.

ಜಲಸಂಗಿಯ ಮನೆ ಮೇಲೆ

ಕರ್ನಾಟಕದಲ್ಲಿ ಇದರ ಸಮೀಪದ ಅನುಭವವಾದದ್ದು 2025ರ ಜನವರಿ 18ರಂದು. ಬೀದರ್ ಜಿಲ್ಲೆ ಹುಮನಾಬಾದ್ ತಾಲೂಕಿನ ಜಲಸಂಗಿ ಗ್ರಾಮದಲ್ಲಿ ಬೆಳ್ಳಂಬೆಳಿಗ್ಗೆ ಬೃಹತ್ ಬಲೂನೊಂದು ಮನೆಯ ಮೇಲೆ ಬಂದು ಬಿತ್ತು. ಜೊತೆಗೆ ಕೆಂಪು ದೀಪ ಮಿನುಗುವ ಯಂತ್ರ. ಊರಿಗೆ ಊರೇ ಗಾಬರಿಯಾಯಿತು. ಪೊಲೀಸರು ಬಂದರು. ಯಂತ್ರದ ಜೊತೆ ಕನ್ನಡದಲ್ಲಿ ಬರೆದ ಪತ್ರವೊಂದಿತ್ತು. ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರ ಅದನ್ನು ಸಂಶೋಧನೆಗಾಗಿ ಹಾರಿಸಿತ್ತು. ಒಂದೇ ದಿನದಲ್ಲಿ ವಿಷಯ ಇತ್ಯರ್ಥವಾಯಿತು; ಜಲಸಂಗಿಯಲ್ಲಿ ಯಾರೂ ಅನ್ಯಗ್ರಹ ಜೀವಿಗಳ ವಸ್ತುಸಂಗ್ರಹಾಲಯ ಕಟ್ಟಲು ಹೊರಡಲಿಲ್ಲ. (ಈ ಊರು ಇತಿಹಾಸಪ್ರಿಯರಿಗೆ ಪರಿಚಿತವಾದದ್ದು ಚಾಲುಕ್ಯರ ಕಾಲದ ದೇಗುಲದ ಗೋಡೆಯಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆಯಿಂದ. ಬರೆದದ್ದನ್ನು ಓದಿ ನಂಬುವ ಪರಿಪಾಠ ಅಲ್ಲಿಗೆ ಹೊಸದೇನಲ್ಲ.)

ಹೈದರಾಬಾದಿನ ಈ ಕೇಂದ್ರ 1969ರಿಂದ ಕೆಲಸ ಮಾಡುತ್ತಿದೆ. ಅಲ್ಲಿಂದ ಹಾರುವ ಬಲೂನುಗಳು ತೆಳು ಪಾಲಿಥೀನ್ ಹಾಳೆಯವು, 50ರಿಂದ 85 ಮೀಟರ್ ವ್ಯಾಸದವು, ಜಲಜನಕ ತುಂಬಿದವು. 30ರಿಂದ 42 ಕಿ.ಮೀ. ಎತ್ತರಕ್ಕೆ ಏರಿ, ಕೆಲಸ ಮುಗಿದ ಮೇಲೆ ಉಪಕರಣಗಳನ್ನು ಬಣ್ಣದ ಪ್ಯಾರಾಚೂಟಿನಲ್ಲಿ ಇಳಿಸುತ್ತವೆ. ಹಾರಾಟದ ಋತುವಿಗೆ ಮುನ್ನ ಸುತ್ತಲಿನ ಜಿಲ್ಲೆಗಳಿಗೆ ಸೂಚನೆ ಹೋಗುತ್ತದೆ. ಬಿದ್ದ ವಸ್ತುವನ್ನು ಬಿಚ್ಚಬೇಡಿ, ಹತ್ತಿರದ ಪೊಲೀಸರಿಗೆ ತಿಳಿಸಿ ಎಂಬುದು ಅದರ ಸಾರ. ಜಲಸಂಗಿ ಹೈದರಾಬಾದಿನಿಂದ ಸುಮಾರು 150 ಕಿ.ಮೀ. ಪಶ್ಚಿಮಕ್ಕಿದೆ, ಗಾಳಿ ಒಯ್ಯಬಹುದಾದ ಹಾದಿಯಲ್ಲೇ ಇದೆ. ಆದರೂ ಸೂಚನೆ ಜಿಲ್ಲಾ ಕಚೇರಿಯ ಮೇಜು ದಾಟಿ ಗ್ರಾಮ ಪಂಚಾಯಿತಿ ಮುಟ್ಟಿದ್ದರೆ ಆ ಬೆಳಗಿನ ಗಾಬರಿಗೆ ಕಾರಣವಿರುತ್ತಿರಲಿಲ್ಲ.

2022ರ ಡಿಸೆಂಬರ್‌ನಲ್ಲಿ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ಮೊಗಿಲಿಗುಂಡ್ಲದ ಹೊಲದಲ್ಲಿ ಇಳಿದದ್ದು ಇನ್ನೂ ಸೊಗಸಾದ ವಸ್ತು. ಸ್ಪೇನ್ ಮೂಲದ ಹೇಲೊ ಸ್ಪೇಸ್ ಕಂಪನಿ ಮುಂದೆ ಪ್ರವಾಸಿಗರನ್ನು ಒಯ್ಯಲು ಉದ್ದೇಶಿಸಿದ ಕೋಣೆಯ ಮಾದರಿ ಅದು. ಹಾರಿಸಿದ್ದು ಇದೇ ಹೈದರಾಬಾದ್ ಕೇಂದ್ರ. ಸುತ್ತಲ ಹಳ್ಳಿಗಳ ಜನ ಮುತ್ತಿಕೊಂಡರು, ಗಗನನೌಕೆ ಎಂಬ ಮಾತು ಹಬ್ಬಿತು. ದುಂಡನೆಯ ಕೋಣೆಯೊಂದು ಆಕಾಶದಿಂದ ಹೊಲಕ್ಕಿಳಿದರೆ ಹಾಗೆ ಅಂದುಕೊಂಡವರನ್ನು ಗೇಲಿ ಮಾಡುವುದು ನ್ಯಾಯವಲ್ಲ.

ಇವೆರಡೂ ಸೇನೆಯ ಬಲೂನುಗಳಲ್ಲ ನಿಜ. ಆದರೆ ತಂತ್ರಜ್ಞಾನ ಒಂದೇ ಬಳ್ಳಿಯ ಕಾಯಿ. ಪಾಲಿಥೀನ್ ಬಲೂನುಗಳು ಬೆಳೆದದ್ದು ಅಮೆರಿಕ ನೌಕಾಪಡೆಯ 'ಸ್ಕೈಹುಕ್' ಯೋಜನೆಯಲ್ಲಿ. 1948ರ ಜನವರಿ 7ರಂದು ಕೆಂಟಕಿಯ ಆಕಾಶದಲ್ಲಿ ಹೊಳೆಯುವ ವಸ್ತುವನ್ನು ಬೆನ್ನಟ್ಟಿ ಆಮ್ಲಜನಕವಿಲ್ಲದ ಎತ್ತರಕ್ಕೇರಿ ಸತ್ತ ವೈಮಾನಿಕ ಥಾಮಸ್ ಮ್ಯಾಂಟೆಲ್ ನೋಡಿದ್ದು ಬಹುಶಃ ಇಂಥದೇ ಬಲೂನನ್ನು. ಅದು ಗೋಪ್ಯವಾಗಿದ್ದುದರಿಂದ ಆತನಿಗೆ ತಿಳಿದಿರಲಿಲ್ಲ. ಕಾಸ್ಮಿಕ್ ಕಿರಣ ಹುಡುಕುವ ವಿಜ್ಞಾನಿಗೂ ಶತ್ರುದೇಶ ನೋಡುವ ಸೇನೆಗೂ ಬೇಕಿದ್ದದ್ದು ಒಂದೇ ಚೀಲ.

ಬೆಂಗಳೂರಿಗೂ ಈ ನಂಟು ಹಳೆಯದು. 1939-40ರ ಸುಮಾರಿಗೆ ನೊಬೆಲ್ ವಿಜೇತ ರಾಬರ್ಟ್ ಮಿಲಿಕನ್ ಮತ್ತು ಸಂಗಡಿಗರು ಕಾಸ್ಮಿಕ್ ಕಿರಣ ಅಳೆಯಲು ಬಲೂನು ಹಾರಿಸಿದ ಭಾರತೀಯ ನಗರಗಳಲ್ಲಿ ಬೆಂಗಳೂರೂ ಒಂದು. ಆಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ ಯುದ್ಧಕಾಲದಲ್ಲಿ ಅಮೆರಿಕದ ಸೇನಾ ವಿಮಾನದಲ್ಲಿ ಉಪಕರಣ ಕಳುಹಿಸಿ ಅದೇ ಕಿರಣಗಳನ್ನು ಅಳೆದರು. ವಿಜ್ಞಾನ ಮತ್ತು ಸೇನೆ ಒಂದೇ ವಿಮಾನವನ್ನು ಹಂಚಿಕೊಳ್ಳುವುದು ಈ ಊರಿಗೆ ಹೊಸತಲ್ಲ.

ಹೊಸಕೋಟೆಯ ಗಾಳಿ

ವೈಟ್‌ಫೀಲ್ಡಿನ ಐಟಿ ಕಟ್ಟಡಗಳಿಂದ ಪೂರ್ವೋತ್ತರಕ್ಕೆ ಅನತಿ ದೂರದಲ್ಲಿ ಹೊಸಕೋಟೆ. ಅಲ್ಲಿ ಭಾರತೀಯ ಖಭೌತ ಸಂಸ್ಥೆಯ ಆವರಣವಿದೆ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಖಗೋಳವಿಜ್ಞಾನಿಗಳು ಇಲ್ಲಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಇದೇ ಆವರಣದಿಂದ 2010ರ ದಶಕದಲ್ಲಿ ಸಂಸ್ಥೆಯ ತಂಡ ಎತ್ತರದ ಬಲೂನುಗಳನ್ನು ಹಾರಿಸಿದೆ. ರಬ್ಬರ್ ಬಲೂನು, ಪ್ಯಾರಾಚೂಟ್, ಕೆಲವೇ ಕಿಲೋ ತೂಕದ ಥರ್ಮೊಕೋಲ್ ಪೆಟ್ಟಿಗೆ, ಅದರೊಳಗೆ ಜಿಪಿಎಸ್ ಮತ್ತು ಉಪಕರಣ.

ಇಂಥ ಬಲೂನು ಎಲ್ಲಿ ಬೀಳುತ್ತದೆ? ಮುಂಗಾರಿನಲ್ಲಿ ನೆಲಕ್ಕೆ ಹತ್ತಿರದ ಗಾಳಿ ಪಶ್ಚಿಮದಿಂದ ಬೀಸುತ್ತದೆ; ಬಲೂನನ್ನು ಕೋಲಾರದ ಕಡೆ ದೂಡುತ್ತದೆ. ಮೇಲೇರಿದಂತೆ ಗಾಳಿ ತಿರುಗುತ್ತದೆ. 15 ಕಿ.ಮೀ. ಆಸುಪಾಸಿನಲ್ಲಿ ಪೂರ್ವದ ವೇಗದ ಗಾಳಿ, ಕೆಲವೊಮ್ಮೆ ಗಂಟೆಗೆ 100 ಕಿ.ಮೀ. ಮೀರಿ, ಅದನ್ನು ನಗರದ ತಲೆಯ ಮೇಲೆ ಮರಳಿ ಎಳೆಯಬಲ್ಲದು. ಅಂದರೆ ಹೊಸಕೋಟೆಯಲ್ಲಿ ಹಾರಿದ್ದು ವೈಟ್‌ಫೀಲ್ಡಿನ ತಾರಸಿಯಲ್ಲೋ ಪೀಣ್ಯದ ಶೆಡ್ಡಿನ ತಗಡಿನ ಮೇಲೋ ಇಳಿಯುವುದು ಭೌತಶಾಸ್ತ್ರದ ದೃಷ್ಟಿಯಿಂದ ಅಸಂಭವವೇನಲ್ಲ. ಹಾರಾಟಕ್ಕೆ ವಿಮಾನ ಸಂಚಾರ ನಿಯಂತ್ರಣದ ಅನುಮತಿ, ಗಾಳಿಯ ಮುನ್ಸೂಚನೆ, ಬೀಳುವ ಜಾಗದ ಲೆಕ್ಕ ಇವೆಲ್ಲ ಬೇಕಾಗುವುದು ಈ ಕಾರಣದಿಂದಲೇ.

ಇದರ ಮೇಲೆ ಹವಾಮಾನ ಇಲಾಖೆಯ ಬಲೂನುಗಳಿವೆ. ಜಗತ್ತಿನಾದ್ಯಂತ ನೂರಾರು ಕೇಂದ್ರಗಳು ಏಕಕಾಲಕ್ಕೆ, ಭಾರತೀಯ ಕಾಲಮಾನದಲ್ಲಿ ಬೆಳಿಗ್ಗೆ ಮತ್ತು ಸಂಜೆ ಐದೂವರೆಯ ವೀಕ್ಷಣೆಗಾಗಿ, ಅವನ್ನು ಹಾರಿಸುತ್ತವೆ. ಬೆಂಗಳೂರು ಕೇಂದ್ರವೂ ಆ ಜಾಲದ ಭಾಗ. 30 ಕಿ.ಮೀ. ಎತ್ತರದ ಬಲೂನಿಗೆ ನೆಲದವರಿಗಿಂತ 20 ನಿಮಿಷಕ್ಕೂ ಹೆಚ್ಚು ತಡವಾಗಿ ಸೂರ್ಯಾಸ್ತವಾಗುತ್ತದೆ. ಕಚೇರಿ ಬಿಟ್ಟು ಹೊರವರ್ತುಲ ರಸ್ತೆಯ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡವರಿಗೆ ಕತ್ತಲಾಗುತ್ತಿರುವ ಆಕಾಶದಲ್ಲಿ ಕದಲದಂತೆ ಹೊಳೆಯುವ ಚುಕ್ಕೆ ಕಂಡರೆ ಅದು ಬಲೂನು ಇರಬಹುದು, ಶುಕ್ರಗ್ರಹವೂ ಇರಬಹುದು.

ಶುಕ್ರನ ಮಾತು ಹಾಸ್ಯಕ್ಕಲ್ಲ. 2012-13ರಲ್ಲಿ ಲಡಾಖ್ ಗಡಿಯ ಸೇನಾ ತುಕಡಿಗಳು ಆಕಾಶದಲ್ಲಿ ಅಪರಿಚಿತ ಬೆಳಕುಗಳನ್ನು ದಾಖಲಿಸಿದವು. ಚೀನಾದ ಬೇಹುಗಾರಿಕೆ ಎಂಬ ಗುಮಾನಿ ಹುಟ್ಟಿತು. ಪತ್ರಿಕಾ ವರದಿಗಳ ಪ್ರಕಾರ ಅಂಥ ದಾಖಲೆಗಳ ಸಂಖ್ಯೆ 329. ಸೇನೆ ಕೇಳಿದ್ದು ಬೆಂಗಳೂರಿನ ಇದೇ ಖಭೌತ ಸಂಸ್ಥೆಯನ್ನು. ವಿಜ್ಞಾನಿಗಳು ಲೆಕ್ಕ ಹಾಕಿ, ಅವು ಗುರು ಮತ್ತು ಶುಕ್ರ ಗ್ರಹಗಳು ಎಂದರು. ಗಡಿಯಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಯೋಧರಿಗೇ ಹೀಗಾದರೆ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಮೇಲಿನ ಬೈಕ್ ಸವಾರನ ಪಾಡೇನು?

ಬಲೂನು ಎಂದರೆ ಸಾಕೆ?

2023ರ ಫೆಬ್ರುವರಿ 4ರಂದು ಅಮೆರಿಕ ತನ್ನ ಪೂರ್ವ ಕರಾವಳಿಯಾಚೆ ಚೀನಾದ ಬೃಹತ್ ಬಲೂನನ್ನು ಹೊಡೆದುರುಳಿಸಿತು. ಆ ಬಳಿಕ ರಾಡಾರ್‌ಗಳು ನಿಧಾನಗತಿಯ ಸಣ್ಣ ವಸ್ತುಗಳನ್ನೂ ತೋರಿಸುವಂತೆ ಸೋಸುವಿಕೆಯನ್ನು ಸಡಿಲಿಸಲಾಯಿತು. ಫಲವಾಗಿ ಫೆಬ್ರುವರಿ 10ರಿಂದ 12ರೊಳಗೆ ಇನ್ನೂ ಮೂರು ವಸ್ತುಗಳು ಕಂಡವು, ಮೂರನ್ನೂ ಕ್ಷಿಪಣಿ ಬಿಟ್ಟು ಕೆಡವಲಾಯಿತು. ಅನ್ಯಗ್ರಹದವರೇ ಎಂದು ಕೇಳಿದಾಗ ಹಿರಿಯ ಸೇನಾಧಿಕಾರಿ ಯಾವುದನ್ನೂ ತಳ್ಳಿಹಾಕಿಲ್ಲ ಎಂದರು. ಮರುದಿನ ಶ್ವೇತಭವನ ಅಂಥ ಸೂಚನೆಯೇನಿಲ್ಲ ಎಂದು ತಿದ್ದಬೇಕಾಯಿತು. ಆ ಮೂರರ ಅವಶೇಷ ಸಿಗಲಿಲ್ಲ. ಅವುಗಳಲ್ಲಿ ಒಂದು ಇಲಿನಾಯ್ ರಾಜ್ಯದ ಹವ್ಯಾಸಿಗಳು ತೇಲಿಬಿಟ್ಟ ಪುಟ್ಟ ಬಲೂನಾಗಿರಬಹುದೆಂಬ ಅನುಮಾನ ಮಾತ್ರ ಉಳಿಯಿತು.

ಭಾರತದಲ್ಲೂ ಇಂಥವು ನಡೆದಿವೆ. 2016ರ ಗಣರಾಜ್ಯೋತ್ಸವದ ದಿನ ರಾಜಸ್ಥಾನದ ಗಡಿಯಲ್ಲಿ ರಾಡಾರ್‌ಗೆ ಕಂಡ ಬಲೂನಿನಂಥ ವಸ್ತುವನ್ನು ವಾಯುಪಡೆಯ ಸುಖೋಯ್ ವಿಮಾನ ಹೊಡೆದು ಕೆಡವಿತು. ಕೆಳಗಿನ ಹಳ್ಳಿಗಳವರು ಬಾಂಬ್ ಬಿತ್ತೆಂದು ಹೆದರಿದರು. 2022ರ ಜನವರಿಯಲ್ಲಿ ಅಂಡಮಾನಿನ ಪೋರ್ಟ್‌ಬ್ಲೇರ್ ಮೇಲೆ ಬಿಳಿಯ ಗೋಳವೊಂದು ಕಾಣಿಸಿಕೊಂಡಿತು. 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಬಳಿ ಅಪರಿಚಿತ ವಸ್ತು ಕಂಡದ್ದರಿಂದ ವಿಮಾನ ಸಂಚಾರ ನಿಂತು, ರಫೇಲ್ ವಿಮಾನಗಳು ಮೇಲೇರಿದವು.

ಹೀಗಾಗಿ 'ಅದು ಬಲೂನು' ಎಂಬ ಉತ್ತರ ಮಾತು ಮುಗಿಸುವ ಉತ್ತರವಾಗಿ ಉಳಿದಿಲ್ಲ. ಯಾರ ಬಲೂನು, ಎಲ್ಲಿಂದ ಹಾರಿತು, ಗಾಳಿ ಆ ದಿಕ್ಕಿಗಿತ್ತೇ, ಅವಶೇಷದಲ್ಲಿ ಗುರುತು ಇದೆಯೇ ಎಂಬ ಪ್ರಶ್ನೆಗಳಿಗೆ ಉತ್ತರವಿದ್ದರೆ ಮಾತ್ರ ಅದು ವಿವರಣೆ. ಇಲ್ಲದಿದ್ದರೆ ಬಾಯಿ ಮುಚ್ಚಿಸುವ ಉಪಾಯ. 1947ರಲ್ಲಿ ರೇಮಿ ಹೇಳಿದ್ದು ಎರಡನೆಯದು, 1994ರ ವರದಿ ಹೇಳಿದ್ದು ಮೊದಲನೆಯದು. ಎರಡರಲ್ಲೂ 'ಬಲೂನು' ಎಂಬ ಪದ ಇತ್ತೆಂಬುದೇ ಜನರ ಸಂಶಯಕ್ಕೆ ಮೂಲ. ಅಮೆರಿಕ ರಕ್ಷಣಾ ಇಲಾಖೆ 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ಚಾರಿತ್ರಿಕ ಪರಿಶೀಲನೆ ಅನ್ಯಗ್ರಹ ತಂತ್ರಜ್ಞಾನದ ಪುರಾವೆ ಇಲ್ಲವೆಂದು ಸಾರಿತು. ನಂಬದವರು ಆಮೇಲೂ ನಂಬಲಿಲ್ಲ. ಒಮ್ಮೆ ಸುಳ್ಳು ಹೇಳಿದವನ ನಿಜಕ್ಕೂ ಸಾಕ್ಷಿ ಬೇಕಾಗುತ್ತದೆ.

ಅಂತಾರಾಷ್ಟ್ರೀಯ ವಿಮಾನಯಾನ ನಿಯಮಗಳಲ್ಲಿ ಮಾನವರಹಿತ ಬಲೂನುಗಳಿಗೆ ಪ್ರತ್ಯೇಕ ಅಧ್ಯಾಯವಿದೆ. 6 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಹೊರೆ ಹೊತ್ತ ಬಲೂನು ರಾಡಾರ್‌ಗೆ ಕಾಣುವ ಪ್ರತಿಫಲಕವನ್ನು ಹೊಂದಿರಬೇಕು. ಬ್ರೇಜಲ್‌ನನ್ನು ಗೊಂದಲಕ್ಕೆ ಕೆಡವಿದ ಬೇಗಡೆಯಂಥದೇ ಇಂದು ಸುರಕ್ಷತೆಯ ಷರತ್ತು! ಆದರೆ ಈ ನಿಯಮಗಳು ಕಟ್ಟಿಹಾಕುವುದು ನಾಗರಿಕ ಹಾರಾಟಗಳನ್ನು. ಸೇನಾ ಬಲೂನು ಹೆಸರು ವಿಳಾಸ ಹೊತ್ತು ತಿರುಗುವುದಿಲ್ಲ, ತಿರುಗಬೇಕೆಂದು ಕೇಳುವುದೂ ಅವಾಸ್ತವ.

ಮುಂದಿನ ದಿನಗಳಲ್ಲಿ ಅಂಥ ಹಾರಾಟಗಳು ಹೆಚ್ಚುವುದು ಖಚಿತ. ರಕ್ಷಣಾ ಸಂಶೋಧನಾ ಸಂಸ್ಥೆ 2025ರ ಮೇ 3ರಂದು ಮಧ್ಯಪ್ರದೇಶದ ಶಿಯೋಪುರದಲ್ಲಿ ವಾಯುಗೋಳದ ಮೇಲುಸ್ತರದ ವಾಯುನೌಕೆಯನ್ನು ಮೊದಲ ಬಾರಿಗೆ ಸುಮಾರು 17 ಕಿ.ಮೀ. ಎತ್ತರಕ್ಕೆ ಕಳುಹಿಸಿತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ 2024ರ ಫೆಬ್ರುವರಿಯಲ್ಲಿ ಚಳ್ಳಕೆರೆಯಲ್ಲಿ, ಅಷ್ಟೇ ಎತ್ತರದಲ್ಲಿ ದಿನಗಟ್ಟಲೆ ನಿಲ್ಲಬಲ್ಲ ಸೌರ ವಿಮಾನದ ಕಿರುಮಾದರಿಯನ್ನು ಪರೀಕ್ಷಿಸಿತು. ಚಿತ್ರದುರ್ಗ ಜಿಲ್ಲೆಯ ರೈತರಿಗೆ ಆಕಾಶದಿಂದ ಸೇನಾ ಸಾಮಾನು ಬೀಳುವುದು ಈಗಾಗಲೇ ಪರಿಚಿತ. 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿ ಬಳಿ ರುಸ್ತುಂ-2, 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲೂಕಿನ ವದ್ದಿಕೆರೆ ಬಳಿ ತಪಸ್ ಎಂಬ ಚಾಲಕರಹಿತ ವಿಮಾನಗಳು ಹೊಲಗಳಿಗೆ ಬಿದ್ದವು. ಎರಡೂ ಸಲ ಜನ ಸೇರಿದರು, ವಿಡಿಯೊ ತೆಗೆದರು, ಅದು ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನವೆಂದು ಅಂದೇ ತಿಳಿಯಿತು. ವದಂತಿಗೆ ಕಾಲೂರಲು ಸಮಯವೇ ಸಿಗಲಿಲ್ಲ. ಗುಟ್ಟು ಕಾಪಾಡಬೇಕಾದ ಸಂಸ್ಥೆಯೂ ಗುಟ್ಟು ಬಿಡದೆಯೇ 'ಇದು ನಮ್ಮದು' ಎನ್ನಬಹುದು. ಏನು ಮಾಡುತ್ತಿತ್ತು ಎಂದು ಹೇಳಬೇಕಾಗಿಲ್ಲ.

ಬೆಂಗಳೂರಿನ ಹೊರವಲಯದ ಕಷ್ಟ ಬೇರೆ ಬಗೆಯದು. ಹೊಲದಲ್ಲಿ ಬಿದ್ದದ್ದನ್ನು ಊರಿನವರು ಒಟ್ಟಾಗಿ ನೋಡಿ ಪೊಲೀಸರನ್ನು ಕರೆಯುತ್ತಾರೆ. ವೈಟ್‌ಫೀಲ್ಡಿನಲ್ಲಿ ಅದು ಗೇಟು ಹಾಕಿದ ವಸತಿ ಸಮುಚ್ಚಯದ ತಾರಸಿಗೋ, ಕಂಪನಿಯ ಆವರಣಕ್ಕೋ, ಪೀಣ್ಯದ ಬೀಗ ಹಾಕಿದ ಶೆಡ್ಡಿಗೋ ಬೀಳುತ್ತದೆ. ಮೊದಲು ಮುಟ್ಟುವವನು ಭದ್ರತಾ ಸಿಬ್ಬಂದಿ ಅಥವಾ ರಾತ್ರಿ ಪಾಳಿಯ ಕಾರ್ಮಿಕ; ಬಹುಪಾಲು ಒಡಿಶಾ, ಬಿಹಾರ, ಅಸ್ಸಾಮಿನವನು. ಜಲಸಂಗಿಯಲ್ಲಿ ಕನ್ನಡದ ಪತ್ರ ಸಾಕಾಯಿತು. ಪೀಣ್ಯದ ಪೆಟ್ಟಿಗೆಯ ಮೇಲೆ ಕನ್ನಡದ ಜೊತೆಗೆ ಹಿಂದಿ, ಒಡಿಯಾ, ಅಸ್ಸಾಮಿ ಸಾಲುಗಳೂ, ಯಾವ ಭಾಷೆಯೂ ಓದಲು ಬಾರದವನಿಗೆ ಮುಟ್ಟಬಾರದೆಂದು ತಿಳಿಸುವ ಒಂದು ಚಿತ್ರವೂ ಬೇಕಾಗುತ್ತದೆ.